ಕಾಗದದ ಪಾಲು, ಬಾಯಿಮಾತಿನ ಪಾಲು

ಎಲೋದಿಯಾ ಒವೆಹೇರೊಳ ಬಲಗೈ ಮಣಿಕಟ್ಟನ್ನು ನಿಂಬೆಹಣ್ಣು ತಿಂದುಹಾಕಿತು ಎಂದರೆ ತಾಫೀ ವಿಯೆಹೊದಲ್ಲಿ ಯಾರೂ ನಗುವುದಿಲ್ಲ. ಆ ಊರಿನ ಅರ್ಧ ಜನ ನಿಂಬೆಯಿಂದಲೇ ಉಣ್ಣುವವರು. ಗಂಡಸರು ತೋಟದಲ್ಲಿ ಏಣಿ ಹತ್ತುತ್ತಾರೆ, ಹೆಂಗಸರು ಹಣ್ಣು ಆರಿಸುವ ಶೆಡ್ಡಿನಲ್ಲಿ ನಿಲ್ಲುತ್ತಾರೆ. ಎದುರಿಗೆ ರಬ್ಬರ್ ಪಟ್ಟಿ ಓಡುತ್ತಿರುತ್ತದೆ, ಅದರ ಮೇಲೆ ಹಣ್ಣು ಹೊಳೆಯ ಹಾಗೆ ಹರಿದು ಬರುತ್ತದೆ. ಚುಕ್ಕೆ ಬಿದ್ದದ್ದು ಒಂದು ಕಡೆ, ಹಸಿರು ಉಳಿದದ್ದು ಇನ್ನೊಂದು ಕಡೆ, ಒಡೆದದ್ದು ಕೆಳಗೆ. ಎಲೋದಿಯಾ ಇಪ್ಪತ್ತರ ಹುಡುಗಿಯಾಗಿ ಅಲ್ಲಿ ನಿಂತವಳು, ಕೂದಲು ಬೆಳ್ಳಗಾಗುವವರೆಗೂ ನಿಂತಳು. ಮೊದಲು ಹೆಬ್ಬೆರಳು ಜೋಮು ಹಿಡಿಯಿತು. ಆಮೇಲೆ ಮಣಿಕಟ್ಟು. ಒಂದು ದಿನ ನೆಲ ಒರೆಸುವ ಬಟ್ಟೆ ಹಿಂಡಲು ಹೋದರೆ ಕೈ ತಿರುಗಲೇ ಇಲ್ಲ.

ಶೆಡ್ಡಿನ ಕೆಲಸಗಾರರ ವಿಮೆ ಕಂಪನಿಯ ವೈದ್ಯ ಅವಳ ಕೈಯನ್ನು ಅತ್ತಿತ್ತ ಹೊರಳಿಸಿ ನೋಡಿದ.

"ಮನೇಲಿ ಹಿಟ್ಟು ನಾದ್ತೀರಾ?"

"ನಾದ್ತೀನಿ ಡಾಕ್ಟ್ರೇ. ಚಿಪಾಕೊ ಮಾಡಿ ಮಾರ್ತೀನಿ."

"ಹಾಗಾದ್ರೆ ಅದೇ ಕಾರಣ. ಶೆಡ್ಡಿನ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹಂದಿ ಕೊಬ್ಬಿನ ಚೂರು ಹಾಕಿದ ಆ ರೊಟ್ಟಿಯನ್ನು ಅವಳು ವಾರಕ್ಕೊಂದು ಸಲ ಮಾಡುತ್ತಿದ್ದಳು. ಆದರೂ ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಹೊರಗೆ ಬಂದಳು. ಎಲೋದಿಯಾಳ ಸ್ವಭಾವವೇ ಹಾಗೆ. ಯಾರು ಏನೇ ಆರೋಪ ಹೊರಿಸಿದರೂ ಮೊದಲು ನಾಚಿಕೊಳ್ಳುತ್ತಿದ್ದಳು, ಆಮೇಲೆ ಅದು ನಿಜವೋ ಸುಳ್ಳೋ ಎಂದು ಯೋಚಿಸುತ್ತಿದ್ದಳು.

ಕಂಪನಿ ಮೇಲೆ ಕೇಸು ಹಾಕಿ ಎಂದವಳು ಯಮಿಲಾ. ಎಲೋದಿಯಾಳ ಗೆಳತಿ ಗ್ರಿಸೆಲ್ಡಾಳ ಮಗಳು ಅವಳು. ಚರ್ಚಿನಲ್ಲಿ ಅವಳ ತಲೆಗೆ ನೀರು ಹಾಕಿಸುವಾಗ ಮಗುವನ್ನು ಎತ್ತಿಕೊಂಡಿದ್ದವಳು ಎಲೋದಿಯಾ. ಅಂದಿನಿಂದ ಎಲೋದಿಯಾ ಆ ಮಗುವಿಗೆ ಮದ್ರಿನಾ, ಎರಡನೆಯ ತಾಯಿ. ಗೆಳತಿಯರಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಅಕ್ಕತಂಗಿಯರಿಗಿಂತ ಹತ್ತಿರ, ಆದರೆ ಅಕ್ಕತಂಗಿಯರ ಹಾಗೆ ಏಕವಚನದಲ್ಲಿ ಕರೆಯುವಂತಿಲ್ಲ. ಆ ಬೀದಿಯಲ್ಲಿ ಕಾನೂನು ಓದಿದ ಮೊದಲ ಹುಡುಗಿ ಯಮಿಲಾ. ಅವಳ ಬಸ್ಸಿನ ಖರ್ಚಿಗೆಂದೇ ಎಲೋದಿಯಾ ಚಿಪಾಕೊ ಮಾರಲು ಶುರುಮಾಡಿದ್ದು. ಹುಡುಗಿ ವಕೀಲೆಯಾಗಿ, ಚಪ್ಪಲಿ ರಿಪೇರಿ ಅಂಗಡಿಯ ಪಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದು, ಹಿತ್ತಾಳೆಯ ಬೋರ್ಡು ಹಾಕಿದಾಗ ಬೀದಿಯ ಮುದುಕರು ರೇಗಿಸುತ್ತಿದ್ದರು. "ಡಾಕ್ಟ್ರಮ್ಮ, ಬೋರ್ಡಲ್ಲಿ ಡಾಕ್ಟರ್ ಅಂತ ಇದೆಯಲ್ಲ, ನನ್ ಮೊಣಕಾಲು ಒಸಿ ನೋಡ್ತೀರಾ?" ವಕೀಲರಿಗೂ ಡಾಕ್ಟರ್ ಎನ್ನುವ ಊರು ಅದು.

ಮಾತುಕತೆ ನಡೆದದ್ದು ಗ್ರಿಸೆಲ್ಡಾಳ ಹಿತ್ತಲಲ್ಲಿ, ಹಂದಿಗೂಡಿನ ಪಕ್ಕ. ಗೂಡಿನಲ್ಲಿದ್ದ ಹಂದಿ ಎಲೋದಿಯಾಳದು. ಸಾಕುವವಳು ಗ್ರಿಸೆಲ್ಡಾ. ಮರಿ ಹಾಕಿದಾಗ ಅರ್ಧ ಇವಳಿಗೆ, ಅರ್ಧ ಅವಳಿಗೆ. ಅರೆಪಾಲಿಗೆ ಸಾಕುವುದು ಆ ಕಡೆಯಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದು. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಒಮ್ಮೆ ಒಬ್ಬ ಕಟುಕ ತನ್ನ ಹಂದಿ ಸಾಕಿದ ವಿಧವೆಗೆ ಅರ್ಧದ ಬದಲು ಒಂದೇ ಒಂದು ಬಡಕಲು ಮರಿ ಕೊಟ್ಟ. ಅವನು ಸಾಯುವವರೆಗೂ ಅವನ ಪ್ರಾಣಿಯನ್ನು ಯಾರೂ ಸಾಕಲಿಲ್ಲ. ಅವನ ಮಕ್ಕಳನ್ನೂ ಜನ 'ಬಡಕಲು ಮರಿ' ಎಂದೇ ಕರೆದರು.

ಯಮಿಲಾ ಬೆನ್ನು ನೆಟ್ಟಗೆ ಮಾಡಿ ಕೂತು, ಕಾಲೇಜಿನಲ್ಲಿ ಕಲಿತದ್ದನ್ನು ಒಪ್ಪಿಸುವವಳಂತೆ ಹೇಳಿದಳು.

"ಸೋತ್ರೆ ನೀವು ನಂಗೇನೂ ಕೊಡಬೇಕಿಲ್ಲ ಮದ್ರಿನಾ. ಗೆದ್ರೆ ಬಂದಿದ್ರಲ್ಲಿ ಐದರಲ್ಲೊಂದು ಪಾಲು. ಅದಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಅದೂ ನಾವಿಬ್ರೇ ಮಾತಾಡ್ಕೊಂಡ್ರೆ ಆಗಲ್ಲ. ಜಡ್ಜ್ ನಿಮ್ಮನ್ನ ಕರೆದು, ಒಪ್ಪಿಗೇನಾ ಅಂತ ಕೇಳ್ತಾರೆ. ನ್ಯಾಯವಾಗಿದೆ ಅಂತ ಅವರಿಗೆ ಅನ್ನಿಸಿದ್ರೆ ಮಾತ್ರ ಊರ್ಜಿತ."

ಎಲೋದಿಯಾಳ ಮುಖ ಕೆಂಪಾಯಿತು.

"ಐದರಲ್ಲೊಂದಾ? ನನ್ನನ್ನ ಏನಂತ ತಿಳ್ಕೊಂಡಿದೀಯ ಮಗಳೇ? ಎಂಜಲು ಕೈಲಿ ಕಾಗೆ ಓಡಿಸದೋಳು ಅಂತಾನಾ?"

"ಹಂದಿ ಸಾಕಿದೋಳಿಗೆ ಅರ್ಧ, ಕೇಸು ಸಾಕಿದೋಳಿಗೆ ಬಡಕಲು ಮರಿ!" ಎಂದು ಗ್ರಿಸೆಲ್ಡಾ ನಕ್ಕಳು. "ನೋಡಿ ಕೊಮಾದ್ರೆ, ಕಾನೂನು ಬರೆದೋರು ಯಾರೂ ಹಂದಿ ಸಾಕಿಲ್ಲ."

"ಅರ್ಧ," ಎಂದಳು ಎಲೋದಿಯಾ ದನಿ ಏರಿಸಿ. "ಮಾತು ಮುಗೀತು."

"ಕಾಗದದಲ್ಲಿ ಹಾಗೆ ಬರೆಯೋಕಾಗಲ್ಲ ಮದ್ರಿನಾ."

"ಕಾಗದದಲ್ಲಿ ಕಾನೂನು ಏನು ಹೇಳುತ್ತೋ ಅದನ್ನೇ ಬರಿ. ನಮ್ಮ ಮಾತು ನಮ್ಮಲ್ಲಿರಲಿ."

ಯಮಿಲಾ ಹಂದಿಯ ಕಡೆ ನೋಡಿದಳು. ಅದು ಕೆಸರಿನಲ್ಲಿ ಮಗ್ಗುಲು ಬದಲಿಸಿತು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಎಲೋದಿಯಾ ಅವಳ ಕೈ ಹಿಡಿದು ಕುಲುಕಿದಳು, ನೋಯುವ ಬಲಗೈಯಿಂದಲೇ.

ಕೇಸು ಎರಡು ನಿಂಬೆ ಸುಗ್ಗಿ ಕಳೆಯುವವರೆಗೆ ಎಳೆಯಿತು. ಯಮಿಲಾ ಶೆಡ್ಡಿನ ಮುದುಕಿಯರನ್ನು ಹುಡುಕಿ ಸಾಕ್ಷಿಗೆ ಕರೆತಂದಳು, ಎಲೋದಿಯಾಳ ಕೈಯನ್ನು ಬೇರೆ ವೈದ್ಯರಿಗೆ ತೋರಿಸಿದಳು, ಒಮ್ಮೆ ಜ್ವರದಲ್ಲೇ ಬಸ್ಸು ಹತ್ತಿ ನಗರದ ಕೋರ್ಟಿಗೆ ಹೋದಳು. ಕೊನೆಗೆ ವಿಮೆ ಕಂಪನಿಯವರು ಬಗ್ಗಿದರು. ಹಣ ಎಲೋದಿಯಾಳ ಕೈಸೇರುವುದಕ್ಕೆ ಉಳಿದದ್ದು ಒಂದೇ ಹೆಜ್ಜೆ. ವಕೀಲೆಯ ಪಾಲಿನ ಒಪ್ಪಂದವನ್ನು ಅವಳು ಖುದ್ದಾಗಿ ಜಡ್ಜ್ ಮುಂದೆ ನಿಂತು ಖಚಿತಪಡಿಸಬೇಕಿತ್ತು.

ನಗರಕ್ಕೆ ಹೋಗುವ ಬಸ್ಸಿನಲ್ಲಿ ಯಮಿಲಾ ಹೇಳಿದಳು: "ಓದಿದೀರಾ ಅಂತಾರೆ, ಹೌದು ಅನ್ನಿ. ಒಪ್ಪಿಗೇನಾ ಅಂತಾರೆ, ಹೌದು ಅನ್ನಿ. ಅಷ್ಟೇ ಮದ್ರಿನಾ, ಬೇರೇನೂ ಬೇಡ."

ಅರ್ಧದ ವಿಷಯ ಎತ್ತಬೇಡಿ ಎಂದು ಅವಳು ಹೇಳಲಿಲ್ಲ. ಹಾಗೆ ಹೇಳಬೇಕಾದರೆ ಅರ್ಧ ಎಂಬ ಮಾತನ್ನು ತನ್ನ ಬಾಯಿಂದಲೇ ಆಡಬೇಕಿತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಆ ಮಾತನ್ನು ಆಡಿರಲಿಲ್ಲ.

ಕೋರ್ಟಿನ ಗುಮಾಸ್ತೆ ಕೈಯಲ್ಲಿ ಕಡತ ಹಿಡಿದು ಬಾಗಿಲಿಗೆ ಬಂದಳು. "ಡಾಕ್ಟರ್, ನೀವು ಹೊರಗಿರಿ. ಅಮ್ಮ, ನೀವು ಮಾತ್ರ ಬನ್ನಿ."

ಹುಡುಗಿಯನ್ನು ಹೊರಗೆ ನಿಲ್ಲಿಸಿ ತನ್ನನ್ನೊಬ್ಬಳನ್ನೇ ಕರೆಯುತ್ತಾರೆಂದು ಎಲೋದಿಯಾಗೆ ಗೊತ್ತಿರಲಿಲ್ಲ. ಒಳಗೆ ಜಡ್ಜ್ ಕೂತಿದ್ದರು. ದಪ್ಪ ಕನ್ನಡಕ, ತೆಳ್ಳನೆಯ ದನಿ. ಅವಳನ್ನು ಕೂರಿಸಿ, ಕಾಗದವನ್ನು ತಾವೇ ನಿಧಾನವಾಗಿ ಓದಿ ಹೇಳಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು.

"ವಕೀಲರಿಗೆ ಐದರಲ್ಲೊಂದು ಪಾಲು ಅಂತ ಬರೆದಿದೆ. ಇದು ನಿಮಗೆ ನ್ಯಾಯ ಅನ್ನಿಸುತ್ತಾ?"

ಎಲೋದಿಯಾಗೆ ಆ ನೋಟ ಚುಚ್ಚಿತು. ನ್ಯಾಯವಾ ಎಂದು ಕೇಳುತ್ತಿದ್ದಾರೆ. ಎರಡು ವರ್ಷ ದುಡಿದ ಹುಡುಗಿಗೆ ಬಡಕಲು ಮರಿ ಕೊಟ್ಟು, ಉಳಿದ ನಾಲ್ಕು ಪಾಲನ್ನು ಗಂಟು ಕಟ್ಟಿಕೊಂಡು ಹೋಗುತ್ತಿರುವ ಹೆಂಗಸು ಎಂದು ಇವರು ತನ್ನನ್ನು ಅಂದುಕೊಂಡಿದ್ದಾರೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಮಿಲಾ ಕಲಿಸಿದ 'ಹೌದು' ಮರೆತೇಹೋಯಿತು.

"ಅಯ್ಯೋ ಸ್ವಾಮಿ, ಅದು ಕಾಗದಕ್ಕೆ ಮಾತ್ರ. ನಾನು ಅಂಥವಳಲ್ಲ. ನಾವಿಬ್ರೂ ಕೈ ಕುಲುಕಿರೋದು ಅರ್ಧಕ್ಕೆ. ಬೇಕಾದ್ರೆ ನಮ್ ಬೀದೀಲಿ ಕೇಳಿ, ನಾನು ಯಾರಿಗೂ ಪಾಲಲ್ಲಿ ಮೋಸ ಮಾಡಿದೋಳಲ್ಲ."

ಜಡ್ಜ್ ಪೆನ್ನು ಕೆಳಗಿಟ್ಟರು. ಬೆರಳಚ್ಚು ಮಾಡುತ್ತಿದ್ದ ಗುಮಾಸ್ತೆಯ ಕೈ ನಿಂತಿತು. ಎಲೋದಿಯಾ ಮುಗುಳ್ನಕ್ಕಳು, ಮರ್ಯಾದೆ ಉಳಿಯಿತೆಂದು. ನಕ್ಕ ಮೇಲೆ ಬೇರೆ ಯಾರೂ ನಗುತ್ತಿಲ್ಲವೆಂದು ಕಂಡಿತು.

"ವಕೀಲರನ್ನ ಕರೀರಿ," ಎಂದರು ಜಡ್ಜ್.

ಯಮಿಲಾ ಒಳಗೆ ಬಂದಳು. ಜಡ್ಜ್ ತಾವು ಕೇಳಿಸಿಕೊಂಡದ್ದನ್ನು ಹಾಗೆಯೇ ಅವಳ ಮುಂದಿಟ್ಟರು: ಕಾಗದದ ಹೊರಗೆ ಇನ್ನೊಂದು ಮಾತಿದೆಯೇ? ಯಮಿಲಾಳ ಕುತ್ತಿಗೆಯ ಮೇಲೆ ಕೆಂಪು ಕಲೆಗಳೆದ್ದವು. ಚಿಕ್ಕವಳಿದ್ದಾಗ ಮೊಸರಿನ ಪಾತ್ರೆ ಒಡೆದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ ದಿನವೂ ಹೀಗೆಯೇ ಎದ್ದಿದ್ದವು.

"ನಮ್ಮ ಮದ್ರಿನಾಗೆ ಗೊಂದಲ ಆಗಿದೆ ಸರ್," ಎಂದಳು. "ಅವರದೊಂದು ಹಂದಿ ನಮ್ಮ ತಾಯಿ ಹತ್ರ ಅರೆಪಾಲಿಗಿದೆ. ಅದರ ಬಗ್ಗೆ ಹೇಳ್ತಿದಾರೆ."

ಗುಮಾಸ್ತೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಜಡ್ಜ್ ನಗಲಿಲ್ಲ.

"ಹೌದೇನಮ್ಮ? ಹಂದಿ ಬಗ್ಗೆನಾ?"

ಎಲೋದಿಯಾ ಹುಡುಗಿಯ ಮುಖ ನೋಡಿದಳು. ಅಲ್ಲಿದ್ದದ್ದು ಹೆದರಿಕೆ. ಏನು ತಪ್ಪಾಯಿತೆಂದು ಎಲೋದಿಯಾಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ತನ್ನ ಮಾತಿನಿಂದಲೇ ಆ ಹಿತ್ತಾಳೆ ಬೋರ್ಡು ಕೆಳಗೆ ಬೀಳಬಹುದೆಂಬುದು ಅರ್ಥವಾಯಿತು.

"ಹೌದು ಸ್ವಾಮಿ," ಎಂದಳು. "ಹಂದಿ. ವಯಸ್ಸಾಯ್ತಲ್ಲ, ಒಂದು ಹೇಳೋಕೆ ಹೋಗಿ ಇನ್ನೊಂದು ಬಾಯಿಗೆ ಬರುತ್ತೆ."

ಈಗ ಗುಮಾಸ್ತೆ ಸದ್ದಾಗುವಂತೆಯೇ ನಕ್ಕಳು. ಎಲೋದಿಯಾ ತನ್ನ ಬೂಟಿನ ತುದಿ ನೋಡುತ್ತ ಕೂತಳು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

"ಇವತ್ತು ನಾನು ಸಹಿ ಹಾಕಲ್ಲ," ಎಂದರು ಜಡ್ಜ್, ಕಡತ ಮುಚ್ಚುತ್ತ. "ನಾಳೆ ಬೆಳಿಗ್ಗೆ ಇಬ್ರೂ ಬನ್ನಿ. ಇದೇ ಪ್ರಶ್ನೇನ ಮತ್ತೆ ಕೇಳ್ತೀನಿ. ಯೋಚನೆ ಮಾಡಿ ಉತ್ತರ ಕೊಡಿ."

ಕೋರ್ಟಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಎದುರಿನ ಗಾಡಿಯಲ್ಲಿ ಮಿಲನೇಸಾ ಎಂಬ ಮಾಂಸದ ತುಂಡು ಕರಿಯುವ ವಾಸನೆ ಬರುತ್ತಿತ್ತು. ಹಸಿವಾಗಿದ್ದರೂ ಯಾರೂ ಏಳಲಿಲ್ಲ.

"ಒಳ್ಳೇದು ಮಾಡಿದ್ರಿ ಮದ್ರಿನಾ," ಎಂದಳು ಯಮಿಲಾ. "ನಾಳೆನೂ ಅದನ್ನೇ ಹೇಳಿ."

ಆ 'ಒಳ್ಳೇದು' ಎಲೋದಿಯಾಳ ಮೈಮೇಲೆ ಬಿಸಿ ಎಣ್ಣೆಯ ಹನಿಯಂತೆ ಬಿತ್ತು. ಸುಳ್ಳು ಹೇಳಿದ್ದಕ್ಕೆ ಅವಳನ್ನು ಹೊಗಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹೊಗಳುತ್ತಿರುವವಳು ತಾನೇ ತಲೆಗೆ ನೀರು ಹಾಕಿಸಿದ ಮಗು.

"ನಾನು ಹೇಳಿದ್ರಿಂದ ನಿಂಗೇನಾಗುತ್ತೆ? ನಿಜ ಹೇಳು."

"ಪಾಲು ಹೋಗುತ್ತೆ. ವಕೀಲರ ಸಂಘಕ್ಕೆ ಬರೀತಾರೆ. ಅವರು ಕೆಲ್ಸದಿಂದ ಸ್ವಲ್ಪ ಕಾಲ ದೂರ ಇಡಬಹುದು. ಎಲ್ರಿಗೂ ಗೊತ್ತಾಗುತ್ತೆ."

"ನಿಂಗೆ ಆ ಅರ್ಧ ಬೇಕಿತ್ತಾ ಯಮಿಲಾ?"

ಯಮಿಲಾ ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು.

"ನಾನು ಕೇಳಿರಲಿಲ್ಲ."

"ಬೇಡ ಅಂತಾನೂ ಅನ್ಲಿಲ್ಲ."

"ಇಲ್ಲ. ಅನ್ಲಿಲ್ಲ." ಅವಳ ದನಿ ಸಣ್ಣದಾಯಿತು. "ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂತ ಬಿಟ್ಕೊಂಡು ಬಂದೆ. ಆಮೇಲೆ ಆ ದುಡ್ಡಲ್ಲಿ ಏನೇನು ಮಾಡಬಹುದು ಅಂತ ಯೋಚ್ನೆ ಬರೋಕೆ ಶುರುವಾಯ್ತು. ಕೋಣೆಗೆ ಒಂದು ಕಿಟಕಿ. ಅಮ್ಮನ ಹಲ್ಲು. ನಿಮ್ಮ ಕೈ ನೋಡಿದಾಗ್ಲೆಲ್ಲ ಬೇಡ ಅನ್ನಿಸೋದು. ಮನೆಗೆ ಹೋದ್ಮೇಲೆ ಮತ್ತೆ ಬೇಕು ಅನ್ನಿಸೋದು."

ಎಲೋದಿಯಾಗೆ ಹುಡುಗಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೆನಪಾದದ್ದು ಹಿತ್ತಲಿನ ಆ ಸಂಜೆ. ಅರ್ಧ ಎಂದು ಕೂಗಿ ಹೇಳುವಾಗ ತನಗೆಷ್ಟು ಹಿತವಾಗಿತ್ತು! ಪಕ್ಕದ ಮನೆಯವರಿಗೂ ಕೇಳಿಸಲಿ ಎಂದೇ ಅಲ್ಲವೇ ದನಿ ಏರಿಸಿದ್ದು? ಹುಡುಗಿ ಆಗಲ್ಲ ಎಂದಿದ್ದಳು, ತಾನೇ ಅವಳ ಬಾಯಿ ಮುಚ್ಚಿಸಿದ್ದು.

"ದೊಡ್ಡ ಮನಸ್ಸಿನೋಳು ಅನ್ನಿಸ್ಕೊಳ್ಳೋ ಆಸೆ ನಂದು," ಎಂದಳು. "ಆ ಆಸೆಗೆ ನಿನ್ನ ಕೆಸರಿಗಿಳಿಸಿದೆ. ನಾಳೆ ನೀನು ಹಂದಿ ಅನ್ನಿ ಅಂದ್ರೆ ಹಂದಿ ಅಂತೀನಿ. ಮುದುಕಿಗೆ ತಲೆ ಕೆಟ್ಟಿದೆ ಅಂತ ನಗ್ಲಿ, ಪರವಾಗಿಲ್ಲ. ಆದ್ರೆ ಆಮೇಲೆ ನಿನ್ ಮುಖ ಹ್ಯಾಗೆ ನೋಡ್ಲಿ ಅನ್ನೋದು ಮಾತ್ರ ನಂಗೆ ಗೊತ್ತಾಗ್ತಿಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಯಮಿಲಾ ಮುಂದಿನ ಸೀಟಿನಲ್ಲಿ ಕೂತಳು, ಎಲೋದಿಯಾ ಹಿಂದೆ.

ಮರುದಿನ ಎಲೋದಿಯಾ ಒಬ್ಬಳೇ ಬಸ್ಸು ಹತ್ತಿದಳು. ಹುಡುಗಿ ಬರುತ್ತಾಳೋ ಇಲ್ಲವೋ, ಬಂದರೆ ಏನು ಹೇಳುತ್ತಾಳೋ ತಿಳಿಯದು. ಕೋರ್ಟು ತಲುಪಿದರೆ ಯಮಿಲಾ ಆಗಲೇ ಬಂದು ಬಾಗಿಲ ಪಕ್ಕ ನಿಂತಿದ್ದಳು, ನಿನ್ನೆಯ ಅದೇ ಬಟ್ಟೆಯಲ್ಲಿ. ಕಣ್ಣು ಊದಿಕೊಂಡಿತ್ತು.

ಜಡ್ಜ್ ಕಡತ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಸರ್, ನಮ್ಮ ತಾಯಿ ಹತ್ರ ಹಂದಿ ಇರೋದು ನಿಜ. ಆದ್ರೆ ಮದ್ರಿನಾ ನಿನ್ನೆ ಹೇಳಿದ್ದು ಹಂದಿ ಬಗ್ಗೆ ಅಲ್ಲ. ಅವರಿಗೆ ಯಾವ ಗೊಂದಲಾನೂ ಇರಲಿಲ್ಲ. ಗೊಂದಲ ಅಂತ ಹೇಳಿ ಅವರನ್ನ ನಗೆಪಾಟಲು ಮಾಡಿದ್ದು ನಾನು. ಅರ್ಧ ಕೊಡ್ತೀನಿ ಅಂದ್ರು, ನಾನು ಸುಮ್ನಿದ್ದೆ. ತಗೋಬೇಕು ಅಂತಾನೇ ಸುಮ್ನಿದ್ದೆ."

ಗುಮಾಸ್ತೆ ಈ ಸಲ ನಗಲಿಲ್ಲ. ಜಡ್ಜ್ ಎಲೋದಿಯಾಳ ಕಡೆ ತಿರುಗಿದರು.

"ನೀವು ಯಾಕಮ್ಮ ಅರ್ಧ ಅಂದ್ರಿ?"

"ನಮ್ ಕಡೆ ಸಾಕಿದೋರಿಗೆ ಅರ್ಧ ಸ್ವಾಮಿ. ಕಡಿಮೆ ಕೊಟ್ರೆ ಜನ ಉಗೀತಾರೆ."

ಜಡ್ಜ್ ಕನ್ನಡಕ ತೆಗೆದು ಒರೆಸಿದರು. ಅವರು ಗದರಲಿಲ್ಲ. ಗದರಿದ್ದರೆ ಎಲೋದಿಯಾಗೆ ಹಗುರವಾಗುತ್ತಿತ್ತು.

"ಹಂದಿ ಈ ವರ್ಷ ಮರಿ ಹಾಕುತ್ತೆ, ಮುಂದಿನ ವರ್ಷಾನೂ ಹಾಕುತ್ತೆ. ಹಂಚ್ಕೊಳ್ಳಿ. ಆದ್ರೆ ಇದು ನಿಮ್ಮ ಕೈ. ಇದಕ್ಕೆ ಇನ್ನೊಂದು ಮರಿ ಹುಟ್ಟಲ್ಲ. ಗೆದ್ದ ಖುಷೀಲಿ, ಉಪಕಾರದ ಭಾರದಲ್ಲಿ ಜನ ಎಲ್ಲಾನೂ ಕೊಟ್ಟುಬಿಡ್ತಾರೆ. ಅದಕ್ಕೇ ನಾವು ಒಬ್ಬೊಬ್ಬರನ್ನೇ ಕರೆದು ಕೇಳೋದು. ನೀವು ಜಿಪುಣರಾ ಅಂತ ಪರೀಕ್ಷೆ ಮಾಡೋಕಲ್ಲ."

ಎಲೋದಿಯಾ ತನ್ನ ಬಲಗೈಯನ್ನು ಮಡಿಲಲ್ಲಿ ಎಡಗೈಯಿಂದ ಮುಚ್ಚಿಕೊಂಡಳು. ಎರಡು ವರ್ಷ ಆ ಕೈಯನ್ನು ಎಷ್ಟೋ ಜನರಿಗೆ ತೋರಿಸಿದ್ದಳು. ಅದನ್ನು ತಾನೇ ಹರಾಜಿಗಿಟ್ಟಿದ್ದೆ ಎಂದು ಈಗ ಅನ್ನಿಸಿತು.

ಪಾಲಿನ ಒಪ್ಪಂದವನ್ನು ಜಡ್ಜ್ ಮಾನ್ಯ ಮಾಡಲಿಲ್ಲ. ಐದರಲ್ಲೊಂದು ಪಾಲೂ ಇಲ್ಲ. ವಿಮೆ ಕಂಪನಿ ಯಮಿಲಾಗೆ ಎಷ್ಟು ಫೀಸು ಕೊಡಬೇಕೆಂದು ಕೋರ್ಟು ಹೇಳುತ್ತದೋ ಅಷ್ಟೇ ಅವಳದು. ಹಣ ನೇರವಾಗಿ ಎಲೋದಿಯಾಳ ಬ್ಯಾಂಕಿಗೆ ಹೋಗಬೇಕು. ವಕೀಲರ ಸಂಘಕ್ಕೆ ತಿಳಿಸಲೇಬೇಕು. "ನೀವಾಗಿಯೇ ಬಂದು ಹೇಳಿದ್ದನ್ನೂ ಬರೀತೀನಿ," ಎಂದರು ಯಮಿಲಾಗೆ. ಅವಳು ತಲೆಯಾಡಿಸಿ, ತೋರಿಸಿದ ಕಡೆ ಸಹಿ ಹಾಕಿದಳು. ಎಲೋದಿಯಾಳೂ ಹಾಕಿದಳು. ಅವಳ ಅಕ್ಷರ ಯಾವಾಗಿನಂತೆ ಸೊಟ್ಟಗೇ ಬಿತ್ತು.

ಬೀದಿಗೆ ಸುದ್ದಿ ಹೇಗೆ ಮುಟ್ಟಿತೋ ಗೊತ್ತಿಲ್ಲ. ಚಪ್ಪಲಿ ಅಂಗಡಿ ಮುಂದಿನ ಮುದುಕರು ಯಮಿಲಾಳನ್ನು ರೇಗಿಸುವುದನ್ನು ನಿಲ್ಲಿಸಿದರು. ರೇಗಿಸುವುದಕ್ಕಿಂತ ಅದು ಹೆಚ್ಚು ಚುಚ್ಚುತ್ತಿತ್ತು. ವಾರ ಕಳೆದು ಭಾನುವಾರ ಎಲೋದಿಯಾ ಗ್ರಿಸೆಲ್ಡಾಳ ಹಿತ್ತಲಿಗೆ ಹೋದಳು. ಹೋಗಬಾರದು ಎಂದು ಕಾಲು ಹೇಳುತ್ತಿತ್ತು. ಹೋಗದೆ ಇದ್ದರೆ ಇನ್ನೆಂದೂ ಹೋಗಲಾರೆ ಎಂದು ಮನಸ್ಸು ಹೇಳುತ್ತಿತ್ತು.

ಗ್ರಿಸೆಲ್ಡಾ, ಎಲ್ಲರೂ ಸರದಿಯಲ್ಲಿ ಹೀರುವ 'ಮಾತೆ' ಎಂಬ ಕಹಿ ಸೊಪ್ಪಿನ ಬುರುಡೆಗೆ ಬಿಸಿನೀರು ಹುಯ್ಯುತ್ತ ಕೂತಿದ್ದಳು. ಯಮಿಲಾಳೂ ಇದ್ದಳು, ಅಕ್ಕಪಕ್ಕದ ಇಬ್ಬರು ಹೆಂಗಸರೂ. ಬುರುಡೆ ಒಬ್ಬರಿಂದ ಹಿಂದಿರುಗಿ, ಮತ್ತೆ ನೀರು ತುಂಬಿ, ಮುಂದಿನವರಿಗೆ ಹೋಗುತ್ತಿತ್ತು. ಎಲೋದಿಯಾ ಸ್ಟೂಲಿನ ಮೇಲೆ ಕೂತಳು. ಅವಳ ಸರದಿ ಬಂದಾಗ ಗ್ರಿಸೆಲ್ಡಾಳ ಕೈ ಅವಳ ಮೂಗಿನ ಮುಂದಿನಿಂದ ಹಾದು ಪಕ್ಕದವಳಿಗೆ ಬುರುಡೆ ಕೊಟ್ಟಿತು.

ಪಕ್ಕದವಳು ಅದನ್ನು ಕುಡಿಯಲೂ ಆಗದೆ ಹಿಂದಿರುಗಿಸಲೂ ಆಗದೆ ಹಿಡಿದುಕೊಂಡಳು.

"ಕೊಮಾದ್ರೆ," ಎಂದಳು ಎಲೋದಿಯಾ. "ತಪ್ಪು ನಂದು. ಬೈಯಿರಿ."

"ಬೈಯೋದೇನು? ನಿನ್ನ ದುಡ್ಡು ನಿನ್ನ ಬ್ಯಾಂಕಲ್ಲಿದೆ. ಪೂರ್ತಿ ನಿಂದೇ." ಗ್ರಿಸೆಲ್ಡಾ ಅವಳಿಗೆ ಏಕವಚನ ಬಳಸಿದ್ದು ಅದೇ ಮೊದಲು. "ನಾಲಿಗೆ ಒಂದು ಹಿಡ್ಕೊಂಡಿದ್ರೆ ಸಾಕಿತ್ತು. ಮಗು ಹೆಸರು ಹಾಳಾಗ್ತಿರಲಿಲ್ಲ. ಜಡ್ಜ್ ಮುಂದೆ ದೊಡ್ಡಸ್ತಿಕೆ ತೋರಿಸೋಕೆ ಹೋದಳಂತೆ!"

ಅದು ನಿಜವೇ ಆದ್ದರಿಂದ ಎಲೋದಿಯಾ ತಲೆ ತಗ್ಗಿಸಿದಳು.

"ಅಮ್ಮ," ಎಂದಳು ಯಮಿಲಾ. ನೆರೆಯವರ ಮುಂದೆ ಈ ಮಾತಾಡುವುದು ಕೋರ್ಟಿಗಿಂತ ಕಷ್ಟವೆಂದು ಅವಳ ಕುತ್ತಿಗೆಯ ಕಲೆಗಳೇ ಹೇಳುತ್ತಿದ್ದವು. "ಮೊದಲ್ನೇ ದಿನ ನಿಜ ಹೇಳಿದ್ದು ಮದ್ರಿನಾ. ಸುಳ್ಳು ಹೇಳಿದ್ದು ನಾನು. ಹೆಸರು ಹಾಳಾಗಿದ್ರೆ ನಾನು ಮಾಡ್ಕೊಂಡಿದ್ದು."

"ನೀನು ಸುಮ್ನಿರು. ನಿಂಗೇನು ಗೊತ್ತು?"

"ಗೊತ್ತಿತ್ತಮ್ಮ. ಅವತ್ತು ಈ ಹಿತ್ತಲಲ್ಲಿದ್ದ ಮೂರು ಜನದಲ್ಲಿ ಅರ್ಧ ಅನ್ನೋದು ತಪ್ಪು ಅಂತ ಗೊತ್ತಿದ್ದೋಳು ನಾನೊಬ್ಳೇ."

ಗ್ರಿಸೆಲ್ಡಾ ಮಗಳನ್ನು ನೋಡಿದಳು. ಆ ಸಂಜೆ ಬಡಕಲು ಮರಿ ಎಂದು ನಕ್ಕವಳು ತಾನು ಎಂಬುದು ಅವಳಿಗೆ ಆಗ ನೆನಪಾಯಿತೋ ಏನೋ. ಕೆಟಲನ್ನು ನೆಲಕ್ಕಿಟ್ಟಳು. ಪಕ್ಕದವಳು ಬುರುಡೆಯನ್ನು ಮೆಲ್ಲಗೆ ಅವಳ ಮುಂದಿಟ್ಟು, ಒಲೆಯ ಮೇಲೆ ಏನೋ ಇದೆ ಎಂದು ಹೇಳಿ ಎದ್ದಳು. ಇನ್ನೊಬ್ಬಳೂ ಅವಳ ಹಿಂದೆಯೇ ಹೋದಳು.

ಮೂವರು ಉಳಿದರು. ಗ್ರಿಸೆಲ್ಡಾ ಯಾರಿಗೂ ನೀರು ಹುಯ್ಯಲಿಲ್ಲ. ಕೆಟಲಿನ ಮೂತಿಯಿಂದ ಏಳುತ್ತಿದ್ದ ಹಬೆ ತೆಳ್ಳಗಾಗುತ್ತ ಬಂತು. ಎಲೋದಿಯಾಗೆ ಎದ್ದು ಹೋಗಬೇಕೆನ್ನಿಸಿತು. ತಲೆ ಎತ್ತಿದರೆ ಯಮಿಲಾಳ ಕಣ್ಣು ಸಿಕ್ಕಿತು. ಇಬ್ಬರೂ ತಕ್ಷಣ ಬೇರೆ ಕಡೆ ನೋಡಿದರು. ಆದರೆ ಯಾರೂ ಏಳಲಿಲ್ಲ.